ಬ್ಯಾರನ್ ಪೈಪು ಡೆನ್ಮಾರ್ಕಿಗೆ ಹೋದದ್ದು

ಬಿಳಿಕೆರೆ

ವಿದೇಶ ಪ್ರವಾಸದ ಕತೆಯನ್ನು ವಿಮಾನ ಹತ್ತಿದಲ್ಲಿಂದ ಶುರು ಮಾಡುವುದು ವಾಡಿಕೆ. ನನ್ನದು ಬಿಳಿಕೆರೆಯ ಎಳನೀರು ಗಾಡಿಯ ಮುಂದೆ ಶುರುವಾಯಿತು. ಆವತ್ತು ನಾನು ಅಲ್ಲಿ ಇರಲೇ ಇಲ್ಲ ಎನ್ನುವುದು ಬೇರೆ ಮಾತು.

ನಾನು ಹುಣಸೂರಿನಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಡ್ರಾಯಿಂಗ್ ಕಲಿಸಿ ನಿವೃತ್ತಳಾದವಳು. ನನ್ನ ಕೈಕೆಳಗೆ ಕಲಿತವರಲ್ಲಿ ಚಿತ್ರದ ಹುಚ್ಚು ಬಿಡದೆ ಉಳಿದವನು ಹನಗೋಡಿನ ನಿಂಗರಾಜು ಒಬ್ಬನೇ. ಅವನಿಗೀಗ ನಲವತ್ತೈದು. ಹುಣಸೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಗೇಟು, ಗ್ರಿಲ್ಲು, ಟ್ರೇಲರ್ ರಿಪೇರಿ, ಹೊಗೆಸೊಪ್ಪಿನ ಕಾಲ ಬಂದರೆ ಬ್ಯಾರನ್ ಪೈಪು. ಹೊಗೆಸೊಪ್ಪನ್ನು ಶಾಖ ಕೊಟ್ಟು ಹದ ಮಾಡುವ ಎತ್ತರದ ಕೋಣೆಗೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ ಎನ್ನುತ್ತಾರೆ. ಹೊರಗೆ ಒಲೆ, ಒಲೆಯ ಬಿಸಿ ಒಳಗೆಲ್ಲ ಓಡಾಡಲು ತಬ್ಬಿದರೂ ತೋಳಿಗೆ ಸಿಗದಷ್ಟು ದಪ್ಪದ ತಗಡಿನ ಪೈಪು. ಕೆಲವು ವರ್ಷಕ್ಕೆ ಆ ಪೈಪು ತೂತು ಬೀಳುತ್ತದೆ. ಹೊಸದು ಹಾಕಿಸಿಕೊಂಡವರು ಹಳೆಯದನ್ನು ಅವನ ಅಂಗಡಿಯಲ್ಲೇ ಬಿಟ್ಟು ಹೋಗುತ್ತಾರೆ.

ಆ ಹಳೇ ತಗಡನ್ನು ಕತ್ತರಿಸಿ, ಬಡಿದು, ಬಗ್ಗಿಸಿ ಗಾಳಿಗೆ ತಿರುಗುವ ಆಕೃತಿಗಳನ್ನು ಮಾಡುವುದು ಅವನ ಹುಚ್ಚು. ಜಾತ್ರೆಯ ಗಿರಗಿಟ್ಟಲೆ ಅಂದುಕೊಳ್ಳಬೇಡಿ. ಎರಡಾಳು ಎತ್ತರದ ಕಂಬದ ಮೇಲೆ ಹೊಗೆಸೊಪ್ಪಿನ ಎಲೆಯಷ್ಟೇ ಉದ್ದದ ಆರು ತಗಡಿನ ಎಲೆಗಳು ಒಂದರ ಹಿಂದೊಂದು ಏಳುತ್ತ, ಬೀಳುತ್ತ, ಸುತ್ತುತ್ತ ಇರುತ್ತವೆ. ನೋಡುತ್ತಾ ನಿಂತರೆ ಬಸ್ಸು ತಪ್ಪುತ್ತದೆ, ನನಗೇ ಎರಡು ಸಲ ತಪ್ಪಿದೆ. ಪಂಚಾಯ್ತಿಯವರನ್ನು ಬೇಡಿಕೊಂಡು, ಕಾಡಿ, ಅಂಥದ್ದೊಂದನ್ನು ಬಿಳಿಕೆರೆಯ ರಸ್ತೆ ಬದಿಯಲ್ಲಿ ನಿಲ್ಲಿಸಲು ಒಪ್ಪಿಗೆ ಪಡೆದಿದ್ದ. ಹನ್ನೊಂದು ದಿನ ಚೆನ್ನಾಗಿ ತಿರುಗಿತು. ಹನ್ನೆರಡನೆಯ ದಿನ ಯಾರೋ ಅದಕ್ಕೆ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದರು. ಬಿಚ್ಚಿದ. ಹಬ್ಬಕ್ಕೆ ಶುಭ ಕೋರಿ ಇನ್ನೊಂದು ಕಟ್ಟಿದರು. ಖಾಲಿ ಕಂಬ ಕಂಡರೆ ನಮ್ಮ ಜನಕ್ಕೆ ಕೈ ಕಡಿಯುತ್ತದೆ. ಕೊನೆಗೆ ಚರಂಡಿ ಅಗಲ ಮಾಡುವಾಗ ಕಂಬವನ್ನೇ ಕಿತ್ತು ಮಲಗಿಸಿದರು. ನಿಂಗರಾಜು ಟ್ರೇಲರ್ ತಂದು ಹೇರಿಕೊಂಡು ಹೋದ.

ಆದರೆ ಅದಕ್ಕೂ ಮುಂಚೆ, ಕೊಡಗಿನ ಕಡೆ ಹೊರಟಿದ್ದ ಇಂಗಾ ಎಂಬ ಡೆನ್ಮಾರ್ಕಿನ ಹೆಂಗಸು ಎಳನೀರಿಗೆಂದು ಅಲ್ಲಿ ಇಳಿದಿದ್ದಳು. ಎರಡು ಫ್ಲೆಕ್ಸ್‌ಗಳ ನಡುವಿನ ಬಿಡುವಿನಲ್ಲಿ ಅದು ತಿರುಗುವುದನ್ನು ಕಂಡು, ಅಂಗಡಿ ಹುಡುಕಿಕೊಂಡು ಹುಣಸೂರಿಗೇ ಬಂದಳು. ಆಕೆಯ ಊರಿನಲ್ಲಿ ಬೇರೆ ಬೇರೆ ದೇಶದವರ ತಿರುಗುವ ಲೋಹದ ಶಿಲ್ಪಗಳನ್ನು ಚೌಕದಲ್ಲಿ ನಿಲ್ಲಿಸುವ ಏರ್ಪಾಡು ಇತ್ತು. ನಿಂಗರಾಜು ಹೊಸದೊಂದನ್ನು ಮಾಡಿ ಕಳಿಸಬೇಕು, ತಾನೂ ಬಂದು ನಿಲ್ಲಿಸಬೇಕು, ಜೊತೆಗೊಬ್ಬರನ್ನು ಕರೆತರಬಹುದು. ಇಂಗ್ಲಿಷ್ ಬಲ್ಲವರು ಎಂಬ ಕಾರಣಕ್ಕೆ ಆ ಒಬ್ಬರು ನಾನಾದೆ. "ಮಿಸ್ ಜೊತೇಲಿ ಹೋಗೋದಾದ್ರೆ ಕಳಿಸ್ತೀನಿ" ಎಂದು ಅವನ ಹೆಂಡತಿ ಸಾವಿತ್ರಿ ಷರತ್ತು ಹಾಕಿದ್ದೂ ಕಾರಣ.

ಹೊರಡುವ ಮುನ್ನ ನಿಂಗರಾಜು ಒಂದು ಮಾತು ಹೇಳಿದ. "ಎಲ್ಲಾದ್ರೂ ಒಂದ್ ಕಡೆ ನಾನ್ ಮಾಡಿದ್ದು ನಾಕ್ ಜನ್ರ ಮಧ್ಯೆ ನಿಂತ್ಕಂಡು ತಿರುಗ್ಬೇಕು ಮಿಸ್. ಅಲ್ಲೂ ನಿಲ್ದೇ ಓದ್ರೆ ಇದ್ರ ಸುದ್ದಿ ಬುಟ್‌ಬುಡ್ತೀನಿ. ಗೇಟು ಗ್ರಿಲ್ಲು ಸಾಕು ನಂಗೆ."

ಅವನು ಸುಮ್ಮನೆ ಹೇಳುವವನಲ್ಲ.

ಕೋಪನ್‌ಹೇಗನ್

ಶಿಲ್ಪ ಬಿಡಿ ಬಿಡಿಯಾಗಿ ಹಡಗಿನಲ್ಲಿ ಮೊದಲೇ ಹೋಗಿತ್ತು. ನಾವು ದೀಪಾವಳಿ ಕಳೆದ ವಾರ ವಿಮಾನದಲ್ಲಿ ಹೋದೆವು. ಇಳಿದ ಮೇಲೆ ನಿಂಗರಾಜುವಿನ ಪೆಟ್ಟಿಗೆಯನ್ನು ತಪಾಸಣೆಯವರು ಪಕ್ಕಕ್ಕೆ ತೆಗೆದರು. ಒಳಗೆ ಸ್ಟೀಲಿನ ಡಬ್ಬಿ, ಡಬ್ಬಿಯೊಳಗೆ ಕಪ್ಪಗೆ ಅಂಟಂಟಾಗಿ ಏನೋ. ಎತ್ತರದ ಅಧಿಕಾರಿಯೊಬ್ಬ ಕೈಗವಸು ಹಾಕಿಕೊಂಡು ಮೂಸಿ ನೋಡಿ ಮುಖ ಹಿಂಡಿದ.

"ಏನೋ ಇದು?" ಎಂದೆ.

"ಕೀಲೆಣ್ಣೆ ಮಿಸ್."

ಎತ್ತಿನ ಗಾಡಿಯ ಅಚ್ಚಿಗೆ ಬಿಡುವ ಕೀಲೆಣ್ಣೆ! ಹುಲ್ಲು ಸುಟ್ಟ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿದ್ದು. ನಿಂಗರಾಜುವಿನ ಅಪ್ಪ ಹನಗೋಡಿನಲ್ಲಿ ಗಾಡಿ ಮಾಡುತ್ತಿದ್ದವರು. ಯಾವ ಚಕ್ರವೇ ಆಗಲಿ, ಮೊದಲ ಸುತ್ತು ಕೀಲೆಣ್ಣೆಯಲ್ಲೇ ಸುತ್ತಬೇಕು ಎನ್ನುವುದು ಅವರ ಮನೆಯ ಪದ್ಧತಿ. ಇದನ್ನೆಲ್ಲ ನನ್ನ ಇಂಗ್ಲಿಷಿನಲ್ಲಿ ಹೇಳಲು ಹೋಗಿ, ಇದು ಗಾಡಿಗೆ ಕೊಡುವ ಔಷಧ ಎಂಬಂತೆ ಏನೋ ಹೇಳಿದೆ. ಅಧಿಕಾರಿ ಡಬ್ಬಿಯನ್ನು ಯಾವುದೋ ಯಂತ್ರಕ್ಕೆ ತೋರಿಸಿ, ನಮ್ಮಿಬ್ಬರ ಮುಖವನ್ನೂ ಸರಿಯಾಗಿ ನೋಡಿ, ಹೋಗಿ ಎಂದ. ನನ್ನ ಇಂಗ್ಲಿಷಿನ ಜಂಬ ಅಲ್ಲೇ ಅರ್ಧ ಇಳಿಯಿತು.

ಅಲ್ಲಿಂದ ಪಶ್ಚಿಮ ಕರಾವಳಿಗೆ ರೈಲು. ಕಿಟಕಿಯಾಚೆ ಹೊಲ, ಹೊಲ, ಮತ್ತೆ ಹೊಲ, ಆದರೆ ಹೊಲದಲ್ಲಿ ಒಬ್ಬರೂ ಇಲ್ಲ. "ಇವ್ರೆಲ್ಲ ಯಾವಾಗ್ ಉಳ್ತಾರೆ ಮಿಸ್?" ಎಂದು ನಿಂಗರಾಜು ದಾರಿಯುದ್ದಕ್ಕೂ ಕೇಳಿದ. ನನಗೆ ಹೇಗೆ ಗೊತ್ತಿರಬೇಕು.

ಬಂದರಿನ ಊರು

ಇಂಗಾಳ ಊರು ಮೀನುದೋಣಿಗಳ ಸಣ್ಣ ಬಂದರು. ನಾವು ಉಳಿದದ್ದು ಆಕೆಯ ಮನೆಯಲ್ಲೇ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬನ್ನಿ ಎಂದಾಗ ನನಗೆ ಹೋದ ಜೀವ ಬಂತು. ಬಿಳಿಯರು ಬೂಟು ಹಾಕಿಕೊಂಡೇ ಹಾಸಿಗೆಗೂ ಹೋಗುತ್ತಾರೆ ಎಂದುಕೊಂಡಿದ್ದೆ. ನಿಂಗರಾಜು ಮಾತ್ರ ಬೂಟು ಬಿಚ್ಚಲು ಒಪ್ಪಲಿಲ್ಲ. ಆಮೇಲೆ ಗೊತ್ತಾಯಿತು, ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಬಂದಿತ್ತು. ಇಂಗಾ ನೋಡಿ, ತನ್ನ ಕಾಲನ್ನೂ ಎತ್ತಿ ತೋರಿಸಿದಳು. ಅವಳದ್ದೂ ತೂತಾಗಿತ್ತು.

ಊಟಕ್ಕೆ ಕಪ್ಪು ರೊಟ್ಟಿ. ಬಣ್ಣ ನೋಡಿ ರಾಗಿಮುದ್ದೆಯ ಬಳಗ ಇರಬೇಕೆಂದು ಆಸೆಪಟ್ಟೆ. ಬಾಯಿಗಿಟ್ಟರೆ ಹುಳಿ. ಅಗಿದೆ, ಅಗಿದೆ, ದವಡೆ ನೋವು ಬಂತು.

ಮಾರನೆಯ ಬೆಳಿಗ್ಗೆ ಚೌಕಕ್ಕೆ ಹೋಗುವ ದಾರಿಯಲ್ಲಿ, ಕಾಫಿ ಅಂಗಡಿಯ ಹೊರಗೆ ಒಂದು ತಳ್ಳುಗಾಡಿ, ಅದರಲ್ಲಿ ಮೂಗಿನ ತುದಿ ಮಾತ್ರ ಕಾಣುವ ಹಸುಗೂಸು. ಕೊರೆಯುವ ಚಳಿ. ಸುತ್ತ ಯಾರೂ ಇಲ್ಲ. ನಿಂಗರಾಜು ನಿಂತುಬಿಟ್ಟ. "ಯಾರೋ ಮಗಾನ ಬುಟ್ಟೋಗವ್ರೆ ಮಿಸ್." ನಾನು ಬಾ ಎಂದರೂ ಬರಲಿಲ್ಲ. ಅರ್ಧ ಗಂಟೆ ಕೈ ಕಟ್ಟಿಕೊಂಡು ಕಾವಲು ನಿಂತ. ಒಳಗಿನಿಂದ ತಾಯಿ ಕಾಫಿ ಮುಗಿಸಿ ಬಂದಳು. ಆ ಊರಿನಲ್ಲಿ ಮಕ್ಕಳನ್ನು ಹೊರಗಿನ ಗಾಳಿಗೆ ಮಲಗಿಸುವುದೇ ಪದ್ಧತಿಯಂತೆ, ಆರೋಗ್ಯಕ್ಕೆ ಒಳ್ಳೆಯದಂತೆ. ಅವಳ ಹೆಸರು ಮೆಟ್ಟೆ. ನಾವೇಕೆ ನಿಂತಿದ್ದೆವು ಎಂದು ನಾನು ಹೇಳಿದಾಗ ಮೊದಲು ನಕ್ಕಳು. ಆಮೇಲೆ ಏನೆನ್ನಿಸಿತೋ, ನಿಂಗರಾಜುವಿನ ಕೈ ಹಿಡಿದು ಕುಲುಕಿದಳು.

ಚೌಕದಲ್ಲಿ ನಮ್ಮ ಪೆಟ್ಟಿಗೆಗಳು ಕಾದಿದ್ದವು. ಅಲ್ಲೇ ಪೌಲ್ ಎಂಬ ಮುದುಕರ ಪರಿಚಯವಾಯಿತು. ದೋಣಿ ಎಂಜಿನ್ ರಿಪೇರಿ ಮಾಡಿಕೊಂಡಿದ್ದವರು, ಈ ಏರ್ಪಾಡಿನ ನಿಯಮ ಬರೆದವರು. ನಿಯಮ ಇಷ್ಟೆ. ಶುರುವಿನ ಗಂಟೆ ಹೊಡೆದ ಮೇಲೆ ಮೂರು ದಿನ ಶಿಲ್ಪವನ್ನು ಯಾರೂ ಕೈಯಿಂದ ಮುಟ್ಟುವಂತಿಲ್ಲ. ಮೋಟಾರು, ಕರೆಂಟು, ಹಗ್ಗ ಯಾವುದೂ ಕೂಡದು. ಅಷ್ಟರೊಳಗೆ ತಾನಾಗಿ ತಿರುಗಿದ್ದು ಊರಿನಲ್ಲಿ ಕಾಯಂ ಉಳಿಯುತ್ತದೆ. ತಿರುಗದ್ದನ್ನು ಬಿಚ್ಚಿ ವಾಪಸು ಕಳಿಸುತ್ತಾರೆ. ಮಾಡಿದವರು ಹೊರಟುಹೋಗುತ್ತಾರೆ, ಆಮೇಲೆ ಸಮುದ್ರದ ಪಕ್ಕ ಅದು ತನ್ನ ಪಾಡಿಗೆ ಬದುಕಬೇಕಲ್ಲ ಎಂದು ಪೌಲ್ ವಿವರಿಸಿದರು. ಒಂದು ಸಲವೂ ನಗಲಿಲ್ಲ.

ಈ ಸಲ ಕಂಬದ ಬದಲು ಪೈಪನ್ನೇ ಇಟ್ಟುಕೊಂಡಿದ್ದ ನಿಂಗರಾಜು ಅದನ್ನು ನಿಲ್ಲಿಸಿದ. ಬ್ಯಾರನ್ನಿನಿಂದ ಬಂದ ಪೈಪಾದ್ದರಿಂದ ಬುಡದಲ್ಲಿ ಒಲೆಯ ಬಾಯಿ ಹಾಗೇ ಇತ್ತು, ಅಂದಕ್ಕೆ ಇರಲಿ ಎಂದು ಬಿಟ್ಟಿದ್ದ. ಪೈಪಿನ ತೆರೆದ ತುದಿಗೆ ಅಡ್ಡಪಟ್ಟಿ, ಅದರ ಮೇಲೆ ಬೇರಿಂಗು, ಬೇರಿಂಗಿನ ಮೇಲೆ ಆರು ಎಲೆ. ಬೇರಿಂಗಿನಲ್ಲಿದ್ದ ಕಂಪನಿಯ ಗ್ರೀಸನ್ನು ತೊಳೆದು, ಅಪ್ಪನ ಹೆಸರು ಹೇಳಿ ಕೀಲೆಣ್ಣೆ ತುಂಬಿದ. ತಡೆಯಬೇಕಾದ ನಾನು ತಡೆಯಲಿಲ್ಲ. ಬದಲಿಗೆ ಪರ್ಸಿನಲ್ಲಿದ್ದ ಕುಂಕುಮವನ್ನೂ ಇಟ್ಟೆ. ಗಂಟೆ ಹೊಡೆಯಿತು.

ಮೊದಲ ದಿನ, ಎರಡನೆಯ ದಿನ

ಬಿರುಗಾಳಿಗೆ ಹೆಸರಾದ ಊರಂತೆ ಅದು. ನಾವು ಹೋದಾಗ ಗಾಳಿ ಬರೀ ಉಸಿರಾಡಿದಷ್ಟು. ಅಷ್ಟಕ್ಕೇ ಉಳಿದವರ ಶಿಲ್ಪಗಳು ಎದ್ದು ಕುಣಿದವು. ಜಪಾನಿನವರು ಮಾಡಿದ ತೆಳ್ಳನೆಯ ಸ್ಟೀಲಿನ ಹಾಳೆಗಳು ಪುಸ್ತಕದ ಪುಟ ಮಗುಚಿದಂತೆ ಮಗುಚುತ್ತಿದ್ದವು. ಪೋರ್ಚುಗಲ್ಲಿನವರ ತಾಮ್ರದ ಬಳೆಗಳು ಒಂದರೊಳಗೊಂದು ಉರುಳುತ್ತಿದ್ದವು. ನಮ್ಮ ಆರು ಎಲೆ ಮಾತ್ರ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಹಾಗೆ ಅಲುಗಾಡದೆ ನಿಂತಿದ್ದವು.

ಜನ ಬಂದರು, ನೋಡಿದರು, ಒಬ್ಬರೂ ನಗಲಿಲ್ಲ, ಒಬ್ಬರೂ ಸಲಹೆ ಕೊಡಲಿಲ್ಲ. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಜನ ಹತ್ತು ರಿಪೇರಿ ಹೇಳಿ, ಇಬ್ಬರು ಹತ್ತಿಯೂ ಬಿಡುತ್ತಿದ್ದರು. ಒಂದೇ ಒಂದು ಸಲ ಛತ್ರಿಯ ತುದಿಯಿಂದ ತಳ್ಳಿಬಿಡಲೇ ಎನ್ನಿಸಿ ಛತ್ರಿ ಎತ್ತಿಯೂ ಇದ್ದೆ. ದೂರದಲ್ಲಿ ಪೌಲ್ ನಿಂತಿದ್ದು ಕಂಡು, ಮಳೆ ಬರುತ್ತದೇನೋ ಎಂಬಂತೆ ಬಿಚ್ಚಿ ಹಿಡಿದೆ.

ಎರಡನೆಯ ದಿನ ಮಧ್ಯಾಹ್ನ ಬೆಂಚಿನ ಮೇಲೆ ಕೂತಿದ್ದಾಗ ನಿಂಗರಾಜು ಜೇಬಿನಿಂದ ಡಬ್ಬಿ ತೆಗೆದು, ಉಳಿದಿದ್ದ ಕೀಲೆಣ್ಣೆಗೆ ಬೆರಳಿಟ್ಟ. ಬೆರಳು ಇಳಿಯಲಿಲ್ಲ.

"ತಪ್ಪು ನಂದೇ ಮಿಸ್" ಎಂದ. "ನಮ್ಮೂರ್ ಬಿಸ್ಲಲ್ಲಿ ಇದು ನೀರ್ ನೀರಾಗಿರ್ತದೆ. ಇಲ್ಲಿ ಬೆಲ್ಲದಚ್ಚಿನಂಗ್ ಆಗೋಗದೆ. ಎಲೆ ಎಂಗ್ ತಿರುಗ್ತದೆ?"

"ಮೊದ್ಲಿದ್ದ ಗ್ರೀಸಾದ್ರೆ ತಿರುಗ್ತಿತ್ತೇನೋ?"

"ತಿರುಗೋದು. ನಾನೇ ತೊಳ್ದಾಕುದ್ನಲ್ಲ."

ಸಿಟ್ಟು ನೆತ್ತಿಗೇರಿತು. ಬೈಯಬೇಕೆಂದು ಬಾಯಿ ತೆರೆದರೆ, ಕುಂಕುಮ ಇಟ್ಟವಳು ನಾನೇ ಎಂಬುದು ನೆನಪಾಗಿ ಬಾಯಿ ಮುಚ್ಚಿತು. ಎರಡು ತೊಟ್ಟು ಎಣ್ಣೆಗಾಗಿ ಸಮುದ್ರ ದಾಟಿ ಬಂದ ಕೆಲಸ ಹಾಳಾಯಿತಲ್ಲ! ಅವನ ಮುಖ ನೋಡಿದರೆ ಅಳು ಬರುವಂತಿತ್ತು.

"ಬುಡಿ ಮಿಸ್" ಎಂದ. "ಊರ್ಗೋಗಿ ಗೇಟ್ ಮಾಡ್ಕಂಡಿರ್ತೀನಿ."

ಮೂರನೆಯ ದಿನ

ಇಂಗಾಳ ಮನೆಯಲ್ಲಿ ಸೌದೆ ಹಾಕಿ ಉರಿಸುವ ಕಬ್ಬಿಣದ ಒಲೆಯೊಂದಿತ್ತು. ಬೆಳಿಗ್ಗೆ ನಿಂಗರಾಜು ಅದರ ಮುಂದೆ ಕೈ ಕಾಯಿಸುತ್ತಾ ಕೂತಿದ್ದ. ಏನೂ ಯೋಚನೆಯಿಲ್ಲದೆ ಡಬ್ಬಿಯನ್ನು ಒಲೆಯ ಮೇಲಿಟ್ಟಿದ್ದನಂತೆ. ನಾನು ಕಾಫಿ ತರುವಷ್ಟರಲ್ಲಿ ಡಬ್ಬಿಯನ್ನು ಆ ಕಡೆ ಈ ಕಡೆ ವಾಲಿಸುತ್ತಾ ನೋಡುತ್ತಿದ್ದ. ಎಣ್ಣೆ ಕರಗಿ ಹರಿದಾಡುತ್ತಿತ್ತು.

"ನಡೀರಿ ಮಿಸ್. ಬ್ಯಾರನ್ ಪೈಪಲ್ವ ಅದು? ಬೆಂಕಿ ಹಾಕುವ."

ಕಾಫಿ ಅಲ್ಲೇ ಬಿಟ್ಟೆವು. ಇಂಗಾ ಕೋಟು ಹುಡುಕುತ್ತಾ ಹಿಂದೆ ಓಡಿ ಬಂದಳು.

ಪೌಲ್ ಆಗಲೇ ಚೌಕದಲ್ಲಿದ್ದರು. ನಾನು ನಿಧಾನವಾಗಿ, ಈ ಸಲ ಜಂಬ ಬಿಟ್ಟು, ಸಣ್ಣ ಸಣ್ಣ ವಾಕ್ಯದಲ್ಲಿ ಹೇಳಿದೆ. ಇದು ಬಿಸಿ ಓಡಾಡುವ ಪೈಪು. ಬುಡದಲ್ಲಿ ಬೆಂಕಿ ಇಟ್ಟರೆ ಬಿಸಿ ಮೇಲೇರುತ್ತದೆ. ತುದಿಯಲ್ಲಿರುವ ಎಣ್ಣೆ ಕರಗುತ್ತದೆ. ಇಡಬಹುದೇ?

ಪೌಲ್ ನಿಯಮದ ಕಾಗದ ತೆಗೆದು ಮೇಲಿಂದ ಕೆಳಗೆ ಓದಿದರು. ಮತ್ತೆ ಓದಿದರು. ಕಾಗದ ಮಡಚಿ, ಬೆನ್ನು ತಿರುಗಿಸಿ ಹೊರಟೇ ಹೋದರು. ಮುಗಿಯಿತು ಎಂದುಕೊಂಡೆ. ನಿಂಗರಾಜು ನೆಲ ನೋಡುತ್ತಾ ನಿಂತ.

ಕಾಲು ಗಂಟೆ ಕಳೆದಿರಬೇಕು. ಪೌಲ್ ಬೀದಿಯ ತಿರುವಿನಲ್ಲಿ ಕಾಣಿಸಿದರು. ಒಂಟಿಚಕ್ರದ ಕೈಗಾಡಿ ತಳ್ಳಿಕೊಂಡು ಬರುತ್ತಿದ್ದರು. ಗಾಡಿಯ ತುಂಬ ಹಳೆಯ ದೋಣಿ ಒಡೆದ ಸೌದೆ. ನಿಯಮದಲ್ಲಿ ಬೆಂಕಿಯ ಮಾತೇ ಇಲ್ಲ, ಬರೆಯುವಾಗ ತಮಗೆ ಹೊಳೆಯಲಿಲ್ಲ ಎಂದರು. ಆದರೆ ಪೈಪಿಗೆ ಕೈ ತಗುಲಬಾರದು ಎಂದು ಬೆರಳು ಎತ್ತಿ ಎಚ್ಚರಿಸಿದರು.

ನಿಂಗರಾಜು ಕುಕ್ಕರುಗಾಲಿನಲ್ಲಿ ಕೂತ. ಪೈಪಿನ ಬಾಯಿಗೆ ಉದ್ದನೆಯ ಕೋಲಿನಿಂದ ಚೂರು ಚೂರೇ ಸೌದೆ ಸರಿಸಿ ಉರಿ ಹಚ್ಚಿದ. ಜನ ಸೇರಿದರು. ಮೆಟ್ಟೆ ಮಗುವಿನ ತಳ್ಳುಗಾಡಿ ಸಮೇತ ಬಂದಳು. ಪೌಲ್ ಅವಸರ ಪಟ್ಟು ಇನ್ನೂ ಹಾಕು, ಇನ್ನೂ ಹಾಕು ಎಂದು ಕೈಸನ್ನೆ ಮಾಡಿದರು. ನಿಂಗರಾಜು ತಲೆ ಎತ್ತದೆ ಕನ್ನಡದಲ್ಲೇ ಹೇಳಿದ. "ಇರಿ ಯಜಮಾನ್ರೇ. ಒಂದೇ ಸಲ ಕೊಟ್ರೆ ತಗಡು ಸೊಟ್ಟಾಯ್ತದೆ. ಒಸಿ ಒಸಿಯಾಗೇ ಏರಿಸ್ಬೇಕು." ಪೌಲ್ ಅರ್ಥವಾದವರಂತೆ ಕೈ ಕೆಳಗಿಳಿಸಿದರು. ಅಂಗಡಿ ಇಡುವ ಮುಂಚೆ ಬ್ಯಾರನ್ನಿನ ಬೆಂಕಿ ನೋಡಿಕೊಳ್ಳುತ್ತ ಎಷ್ಟು ಕಾಲ ಕಳೆದಿದ್ದಾನೆ ಅವನು! ಎಲೆ ಹಸಿರಿದ್ದಾಗ ಎಷ್ಟು ಉರಿ, ಹಳದಿಗೆ ತಿರುಗಿದಾಗ ಎಷ್ಟು, ದಂಟು ಒಣಗುವಾಗ ಎಷ್ಟು ಎಂಬುದು ಅವನ ಕೈಗೇ ಗೊತ್ತು. ಅಷ್ಟು ಜನ ಸುತ್ತ ನಿಂತಿದ್ದರೂ ಅವನು ಪಿರಿಯಾಪಟ್ಟಣದ ಯಾವುದೋ ಹೊಲದಲ್ಲಿ ಕೂತಷ್ಟೇ ನೆಮ್ಮದಿಯಾಗಿ ಕೂತಿದ್ದ.

ಮೊದಲು ಹರಳೆಣ್ಣೆಯ ವಾಸನೆ ಬಂತು. ಆಮೇಲೆ ಮೇಲಿನಿಂದ ಒಂದು ಕಪ್ಪು ಹನಿ ಕಲ್ಲುಹಾಸಿನ ಮೇಲೆ ಬಿತ್ತು. ಎಲೆಯೊಂದು ನಡುಗಿತು. ನನ್ನ ಕೈಗಳು ತಾವಾಗಿ ಕೂಡಿಕೊಂಡವು. ಎಲೆ ಬಾಗಿತು, ಪಕ್ಕದ್ದು ಎದ್ದಿತು, ಆರೂ ಒಂದರ ಹಿಂದೊಂದು ಹೊರಟವು. ಗಾಳಿ ಇರಲೇ ಇಲ್ಲ. ಕೆಳಗಿನ ಬಿಸಿಯೇ ಅವನ್ನು ಎತ್ತಿ ಎತ್ತಿ ಸುತ್ತಿಸುತ್ತಿತ್ತು.

ಡೆನ್ಮಾರ್ಕಿನ ಜನ ಚಪ್ಪಾಳೆ ತಟ್ಟಲಿಲ್ಲ. ನಾನು ಒಬ್ಬಳೇ ಚಪ್ಪಾಳೆ ತಟ್ಟಿ, ಶಾಲೆಯ ಮೈದಾನದಲ್ಲಿ ಮಾಡುವಂತೆ ಬೆರಳಿಟ್ಟು ಸಿಳ್ಳೆಯನ್ನೂ ಹಾಕಿದೆ. ಈ ವಯಸ್ಸಿನಲ್ಲಿ ಸಿಳ್ಳೆ ಬರುತ್ತದೆಂದು ನನಗೂ ಗೊತ್ತಿರಲಿಲ್ಲ.

ಪೌಲ್ ಮಾತ್ರ ಕದಲಲಿಲ್ಲ. ನೀವು ನಾಳೆ ಹೊರಟುಹೋಗುತ್ತೀರಿ, ಬೆಂಕಿ ಆರುತ್ತದೆ, ಎಣ್ಣೆ ಮತ್ತೆ ಹೆಪ್ಪುಗಟ್ಟುತ್ತದೆ, ಆಗ? ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಿಂಗರಾಜು ಮುಚ್ಚುಮರೆ ಮಾಡಲಿಲ್ಲ. ತಪ್ಪು ತನ್ನದು, ಕೀಲೆಣ್ಣೆ ತೆಗೆದು ಗ್ರೀಸು ತುಂಬಿದರೆ ಬೆಂಕಿಯೇ ಬೇಡ, ಆದರೆ ಮೂರು ದಿನ ಮುಟ್ಟಬಾರದು ಎಂಬ ಮಾತಿಗೆ ತಾನು ಬದ್ಧ ಎಂದು ನನ್ನಿಂದ ಹೇಳಿಸಿದ.

ಆಗ ಮೆಟ್ಟೆ ಮಾತಾಡಿದಳು. ಎಣ್ಣೆ ಯಾಕೆ ತೆಗೆಯಬೇಕು ಎಂದಳು. ಅಲ್ಲಿ ಚಳಿಗಾಲದಲ್ಲಿ ಮೂರೂವರೆ ನಾಲ್ಕಕ್ಕೆಲ್ಲ ಬೆಳಕು ಹೋಗುತ್ತದೆ. ಹಗಲಲ್ಲೇ ಕಿಟಕಿಗಳಲ್ಲಿ ಮೇಣದ ಬತ್ತಿ ಹಚ್ಚಿಡುವ ಜನ. ಸೋಮವಾರದ ಬೆಂಕಿ ತನ್ನದು ಎಂದಳು ಮೆಟ್ಟೆ. ಬ್ರೆಡ್ ಅಂಗಡಿಯವನು ಮಂಗಳವಾರ ತನಗಿರಲಿ ಎಂದ. ಯಾರೋ ನನ್ನಿಂದ ಪೆನ್ನು ಇಸಿದುಕೊಂಡರು. ನಿಯಮದ ಕಾಗದದ ಹಿಂಬದಿಯಲ್ಲೇ ವಾರದ ಹೆಸರುಗಳು ಬಿದ್ದವು. ಭಾನುವಾರದ ಮುಂದೆ ಯಾರೂ ಬರೆಯಲಿಲ್ಲ, ಅವತ್ತು ಎಲ್ಲರೂ ತಡವಾಗಿ ಏಳುತ್ತಾರಂತೆ. ಪೌಲ್ ಪೆನ್ನು ತೆಗೆದುಕೊಂಡು ಅಲ್ಲಿ ತಮ್ಮ ಹೆಸರು ಬರೆದರು.

ನಿಂಗರಾಜುವಿಗೆ ನಾನು ಆ ಕಾಗದ ಓದಿ ಹೇಳಿದೆ. ಏಳು ದಿನ, ಏಳು ಹೆಸರು. ಅವನು ಮುಖ ಆ ಕಡೆ ತಿರುಗಿಸಿ, ಹೊಗೆ ಕಣ್ಣಿಗೆ ಹೋಯಿತು ಎಂದು ಸುಳ್ಳು ಹೇಳಿದ. ನಾನು ಮರೆಮಾಚಲಿಲ್ಲ, ನಿಂತಲ್ಲೇ ಅತ್ತೆ. ಆಮೇಲೆ ಅವನು ಪೌಲ್ ಅವರನ್ನು ಕರೆದು, ಪೈಪಿನಿಂದ ಗೇಣು ದೂರದಲ್ಲಿ ಅಂಗೈ ಹಿಡಿದು ತೋರಿಸಿದ. ಹತ್ತು ಎಣಿಸುವಷ್ಟರಲ್ಲಿ ಕೈ ತೆಗೆಯುವಂತಾದರೆ ಸೌದೆ ಸಾಕು. ಮುದುಕರು ಅಂಗೈ ಹಿಡಿದು ತಮ್ಮ ಭಾಷೆಯಲ್ಲಿ ಎಣಿಸಿದರು, ಇವನು ಕನ್ನಡದಲ್ಲಿ ಎಣಿಸಿದ. ನಾನು ಅನುವಾದ ಮಾಡುವ ಅಗತ್ಯ ಬೀಳಲಿಲ್ಲ.

ಕೆ.ಆರ್. ನಗರ

ವಾಪಸು ಬರುವ ವಿಮಾನದಲ್ಲಿ ನಿಂಗರಾಜು ನಿದ್ದೆ ಮಾಡಲಿಲ್ಲ, ನನಗೂ ಬಿಡಲಿಲ್ಲ. "ಚಳಿಗಾಲ್ದಲ್ಲಿ ನಮ್ ಕಡೆ ಬೆಳಿಗ್ಗೆ ಬೆಂಕಿ ಹಾಕ್ಕಂಡು ಕಾಯಿಸ್ಕಳ್ಳೋರು ಎಲ್ಲೆಲ್ಲಿ ಕೂರ್ತಾರೆ ಮಿಸ್?" ಎಂದು ಕೇಳಿದ. ಎಲ್ಲೆಂದರಲ್ಲಿ ಕೂರುತ್ತಾರೆ, ಮಲಗಲು ಬಿಡೋ ಎಂದೆ.

ಬಂದ ಹದಿನೈದು ದಿನ ಅವನು ಅಂಗಡಿಯಲ್ಲಿ ಸಿಗಲಿಲ್ಲ. ಗೇಟಿಗೆ ಮುಂಗಡ ಕೊಟ್ಟವರು ನನ್ನ ಮನೆಗೆ ಬಂದು ದೂರು ಹೇಳಿದರು.

ಧನುರ್ಮಾಸದಲ್ಲಿ ಸಾಲಿಗ್ರಾಮದ ನನ್ನ ತಂಗಿಯ ಮನೆಗೆ ಹೋಗಲೆಂದು ಬೆಳಿಗ್ಗೆ ಬೆಳಿಗ್ಗೆಯೇ ಕೆ.ಆರ್. ನಗರದಲ್ಲಿ ಬಸ್ಸು ಇಳಿದೆ. ಮಂಜು ಕವಿದಿತ್ತು. ಆಟೋ ಸ್ಟಾಂಡಿನಲ್ಲಿ ಐದಾರು ಚಾಲಕರು ಮಫ್ಲರ್ ಸುತ್ತಿಕೊಂಡು ಬೆಂಕಿಯ ಮುಂದೆ ಕೂತಿದ್ದರು. ಬೆಂಕಿ ಇದ್ದದ್ದು ಬ್ಯಾರನ್ ಪೈಪಿನ ಬಾಯಲ್ಲಿ. ತಲೆ ಎತ್ತಿ ನೋಡಿದರೆ ಮಂಜಿನಲ್ಲಿ ಆರು ಎಲೆಗಳು ಸುತ್ತುತ್ತಿವೆ. ಒಬ್ಬ ತೆಂಗಿನ ಮಟ್ಟೆ ಸರಿಸಿ ಒಳಗೆ ತಳ್ಳಿದ, ಎಲೆಗಳು ಇನ್ನಷ್ಟು ಚುರುಕಾದವು. ನಿಂಗರಾಜು ನನಗೊಂದು ಮಾತೂ ಹೇಳಿರಲಿಲ್ಲ. ನಾನು ಬ್ಯಾಗು ಕೆಳಗಿಟ್ಟು, ಬಾಯಿ ತೆರೆದುಕೊಂಡು ನೋಡುತ್ತಾ ನಿಂತೆ.

ಅಷ್ಟರಲ್ಲಿ ನದಿಯ ಕಡೆಯಿಂದ ಸಣ್ಣಗೆ ಗಾಳಿ ಎದ್ದಿತು. ವಯಸ್ಸಾದ ಚಾಲಕನೊಬ್ಬ ನನ್ನ ಕಡೆ ಕೈ ಬೀಸಿ ಗದರಿದ. "ಅಮ್ಮಾ, ಒಸಿ ಆಚೀಗ್ ನಿಂತ್ಕಳಿ. ಗಾಳಿಗೆ ಅಡ್ಡ ನಿಂತಿದ್ದೀರ."

ನಾನು ಬ್ಯಾಗು ಎತ್ತಿಕೊಂಡು ಆಚೆ ಸರಿದು ನಿಂತೆ.